ಸೈಕೆಡೆಲಿಕ್ ನೆರವಿನ ಮನೋಚಿಕಿತ್ಸೆ

ಸೈಕೆಡೆಲಿಕ್ ನೆರವಿನ ಮನೋಚಿಕಿತ್ಸೆ ಎಂಬುದು ಗ್ರಹಿಕೆ ಮತ್ತು ಭಾವಗಳನ್ನು ಕೆಲಕಾಲ ತೀವ್ರವಾಗಿ ಬದಲಿಸುವ ಔಷಧವನ್ನು ಚಿಕಿತ್ಸಕರೊಡನೆ ನಡೆಯುವ ಮಾತುಕತೆಯೊಂದಿಗೆ ಕೂಡಿಸಿ ನೀಡುವ, ಇನ್ನೂ ಬಹುಮಟ್ಟಿಗೆ ಪ್ರಯೋಗದ ಹಂತದಲ್ಲಿರುವ ವಿಧಾನ. ಸಾಮಾನ್ಯ ಔಷಧಗಳಿಗೆ ಮಣಿಯದ ಖಿನ್ನತೆಯೇ ಇದರ ಮುಖ್ಯ ಗುರಿ. ಹೆಚ್ಚಿನ ಅಧ್ಯಯನ ನಡೆದಿರುವುದು ಕೆಲವು ಜಾತಿಯ ಅಣಬೆಗಳಲ್ಲಿರುವ ಸಿಲೋಸೈಬಿನ್ ಕುರಿತು. ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ 1958ರಲ್ಲಿ ಅದನ್ನು ಬೇರ್ಪಡಿಸಿದರು.

ವಿಧಾನ

ಮೊದಲು ಸಿದ್ಧತೆಯ ಮಾತುಕತೆ, ಬಳಿಕ ಔಷಧದ ದಿನ, ಅನಂತರ ಅಂದಿನ ಅನುಭವವನ್ನು ಬದುಕಿಗೆ ಹೊಂದಿಸಿಕೊಳ್ಳುವ ಸಮಾಲೋಚನೆ. ಔಷಧದ ಪ್ರಭಾವ ಸುಮಾರು ಆರು ಗಂಟೆ ಇರುತ್ತದೆ. ರೋಗಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸಂಗೀತ ಕೇಳುತ್ತ ಮಲಗಿರುವಷ್ಟು ಕಾಲವೂ ಚಿಕಿತ್ಸಕರು ಬಳಿಯಲ್ಲೇ ಕುಳಿತಿರಬೇಕು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ, 24 ರೋಗಿಗಳ ಅಧ್ಯಯನವೊಂದರಲ್ಲಿ ಎರಡು ಬಾರಿಯ ಔಷಧದ ಜೊತೆಗೆ ತಲಾ ಸುಮಾರು 11 ಗಂಟೆಗಳ ಮಾತುಚಿಕಿತ್ಸೆ ಇತ್ತು. ಗುಳಿಗೆ ನುಂಗುವುದು ಕ್ಷಣದ ಕೆಲಸ. ಉಳಿದುದೆಲ್ಲ ತರಬೇತಿ ಪಡೆದ ಮನುಷ್ಯರ ಸಮಯ.

ಪುರಾವೆಗಳು

2022ರಲ್ಲಿ ಪ್ರಕಟವಾದ, 233 ರೋಗಿಗಳ ಪ್ರಯೋಗದಲ್ಲಿ 25 ಮಿಲಿಗ್ರಾಂ ಪಡೆದವರ ಪೈಕಿ ಶೇ. 37ರಷ್ಟು ಜನ ಮೂರು ವಾರಗಳಲ್ಲಿ ಗಣನೀಯವಾಗಿ ಚೇತರಿಸಿಕೊಂಡರು. 1 ಮಿಲಿಗ್ರಾಂ ಪಡೆದವರಲ್ಲಿ ಈ ಪ್ರಮಾಣ ಶೇ. 18. ಹನ್ನೆರಡು ವಾರಗಳವರೆಗೂ ಚೇತರಿಕೆ ಉಳಿದದ್ದು ಕ್ರಮವಾಗಿ ಶೇ. 20 ಮತ್ತು ಶೇ. 10ರಷ್ಟು ಜನರಲ್ಲಿ ಮಾತ್ರ. ಕೆಲವರಲ್ಲಿ ಆತ್ಮಹತ್ಯೆಯ ಆಲೋಚನೆಗಳೂ ಕಂಡುಬಂದವು. ತಮಗೆ ಸಿಕ್ಕಿದ್ದು ನಿಜವಾದ ಔಷಧವೇ ಎಂಬುದನ್ನು ರೋಗಿಗಳು ಸುಲಭವಾಗಿ ಊಹಿಸಬಲ್ಲರಾದ್ದರಿಂದ ನಿರೀಕ್ಷೆಯ ಪರಿಣಾಮವನ್ನು ಬೇರ್ಪಡಿಸಿ ಅಳೆಯುವುದು ಕಷ್ಟ. ಆಸ್ಟ್ರೇಲಿಯಾ 2023ರ ಜುಲೈ 1ರಿಂದ ಅಧಿಕೃತ ಮನೋವೈದ್ಯರಿಗಷ್ಟೇ ಇದರ ಬಳಕೆಗೆ ಅನುಮತಿ ನೀಡಿದೆ.

ಭಾರತದಲ್ಲಿ

ಸಿಲೋಸೈಬಿನ್ 1985ರ ಮಾದಕ ದ್ರವ್ಯ ಮತ್ತು ಮನೋಪ್ರಭಾವಕ ವಸ್ತುಗಳ ಕಾಯಿದೆಯ ಪಟ್ಟಿಯಲ್ಲಿದೆ. ಪ್ರವಾಸಿ ತಾಣಗಳಲ್ಲಿ ಗುಟ್ಟಾಗಿ ಮಾರುವ ಅಣಬೆ ಚಿಕಿತ್ಸೆಯಲ್ಲ. ಸ್ವತಃ ಮನೋವಿಕೃತಿಯ ಅಥವಾ ಉನ್ಮಾದದ ಇತಿಹಾಸವುಳ್ಳವರನ್ನು ಪ್ರಯೋಗಗಳಿಂದಲೇ ಹೊರಗಿಡಲಾಗುತ್ತದೆ.

ದೇಶದಲ್ಲಿ ಇದಕ್ಕೆ ತೀರ ಸಮೀಪದ ಔಷಧ ಕೆಟಮಿನ್. ಮೂಲತಃ ಅರಿವಳಿಕೆಯಾದ ಇದನ್ನು 2011ರಲ್ಲಿ ಅದೇ ಕಾಯಿದೆಯ ವ್ಯಾಪ್ತಿಗೆ ತರಲಾಯಿತಾದರೂ ವೈದ್ಯಕೀಯ ಬಳಕೆ ಉಳಿದಿದೆ. ಖಿನ್ನತೆಗೆ ಇದರ ಉಪಯೋಗದ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಚಿತ್ತರಂಜನ್ ಆಂಡ್ರಾಡೆ ವಿಸ್ತಾರವಾಗಿ ಬರೆದಿದ್ದಾರೆ. ಆದರೆ ಕೆಟಮಿನ್ ಅನ್ನು ಜಗತ್ತಿನಾದ್ಯಂತ ಹೆಚ್ಚಾಗಿ ಮಾತುಚಿಕಿತ್ಸೆಯ ಜೊತೆಯಿಲ್ಲದೆ, ಬರಿಯ ಔಷಧವಾಗಿ ನೀಡಲಾಗುತ್ತಿದೆ. ಸಿಲೋಸೈಬಿನ್‌ಗೆ ಮುಂದೆ ಅನುಮತಿ ದೊರೆತರೆ ಅದೂ ಇದೇ ಹಾದಿ ಹಿಡಿಯಬಹುದೆಂಬ ಆತಂಕ ನಿರಾಧಾರವಲ್ಲ.

ಗ್ರಾಮೀಣ ಭಾಗದ ಪ್ರಶ್ನೆ

ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆಯುಳ್ಳ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಂಥ ಹೋಬಳಿಯಿಂದ ನೋಡಿದಾಗ ಈ ಸಂಖ್ಯೆಯ ಅರ್ಥ ಸ್ಪಷ್ಟವಾಗುತ್ತದೆ. ಕರ್ನಾಟಕದ ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆ ರೂಪುಗೊಂಡಿತು. ಸಾಲುಗಟ್ಟಿದ ರೋಗಿಗಳ ನಡುವೆ ಒಬ್ಬರಿಗೆ 11 ಗಂಟೆ ಕೊಡುವುದು ಅಂಥ ಹೊರರೋಗಿ ವಿಭಾಗದಲ್ಲಿ ಅಸಾಧ್ಯ. ಮೇಲಾಗಿ ಅನೇಕರು ದುಃಖವನ್ನು ಹೇಳದೆ ಎದೆಭಾರ, ತಲೆನೋವು, ನಿದ್ರೆ ಬಾರದಿರುವುದನ್ನಷ್ಟೇ ಹೇಳಿಕೊಳ್ಳುತ್ತಾರೆ; ಆ ಮಾತಿನ ಒಳಗನ್ನು ತಿಳಿಯಲು ಕನ್ನಡ ಬಲ್ಲ, ಬಿಡುವುಳ್ಳ ಚಿಕಿತ್ಸಕರು ಬೇಕು.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ಕನ್ನಡದಲ್ಲಿಯೂ ಉಚಿತ ಆಪ್ತಸಮಾಲೋಚನೆ ನೀಡುತ್ತದೆ. ದೂರವಾಣಿಯ ಸಮಾಲೋಚನೆ ದೀರ್ಘಕಾಲದ ಮಾತುಚಿಕಿತ್ಸೆಗೆ ಸಮನಲ್ಲ. ಆದರೂ ಹೋಬಳಿಯ ಮನೆಯಿಂದಲೇ ಇಂದು ತಲುಪಬಹುದಾದದ್ದು ಅದು.