ಗೀವ್ ಪಟೇಲ್: ವೈದ್ಯವೃತ್ತಿ ಮತ್ತು ಕಾವ್ಯ

ವೈದ್ಯಕ್ಕೂ ಕಾವ್ಯಕ್ಕೂ ಇರುವ ನಂಟು ಕನ್ನಡಿಗರಿಗೆ ಅಪರಿಚಿತವಲ್ಲ. ಹದಿನಾಲ್ಕನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ'ದಲ್ಲಿ ವಿಷವೈದ್ಯವೇ ಪದ್ಯದ ವಸ್ತುವಾಗಿದೆ. ಆಧುನಿಕ ಕಾಲದಲ್ಲಿ ವೈದ್ಯರಾದ ರಾಶಿಯವರು ಹಾಸ್ಯದ ಕಡೆಗೆ, ಅನುಪಮಾ ನಿರಂಜನರು ಕಾದಂಬರಿಯ ಕಡೆಗೆ ಒಲಿದರು. ಅರಬ್ಬೀ ಸಾಹಿತ್ಯದಲ್ಲಿ ಕೈರೋದ ವೈದ್ಯ ಇಬ್ರಾಹಿಂ ನಾಜಿ (1898–1953) ಪ್ರಸಿದ್ಧ ಹೆಸರು. ಅವರ 'ಅಲ್-ಅತ್ಲಾಲ್' ಕವಿತೆಯನ್ನು ಗಾಯಕಿ ಉಮ್ ಕುಲ್ಸುಮ್ 1966ರಲ್ಲಿ ಹಾಡಿದಾಗ ಕವಿ ಗತಿಸಿ ಹದಿಮೂರು ವರ್ಷಗಳಾಗಿದ್ದವು. ನಾಜಿಯವರ ಕಾವ್ಯದ ಸ್ಥಾಯಿ ವಿರಹ. ಚಿಕಿತ್ಸಾಲಯ ಬಹುಮಟ್ಟಿಗೆ ಅದರ ಹೊಸ್ತಿಲಾಚೆಯೇ ನಿಂತಿತು.

ಅದೇ 1966ರಲ್ಲಿ ಮುಂಬಯಿಯಲ್ಲಿ ಇನ್ನೊಬ್ಬ ವೈದ್ಯಕವಿಯ ಮೊದಲ ಸಂಕಲನ ನಿಸ್ಸೀಂ ಎಝೆಕಿಯೆಲರ ಆಸ್ಥೆಯಿಂದ ಬೆಳಕು ಕಂಡಿತು. ಪಾರ್ಸಿ ಮನೆತನದ ಗೀವ್ ಪಟೇಲ್ (1940–2023) ಹುಟ್ಟಿದ್ದು ಈ ನಗರದಲ್ಲಿ, ವೈದ್ಯಶಾಸ್ತ್ರ ಕಲಿತದ್ದು ಬೈಕಲಾದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ. ಕೆಲಕಾಲ ಗುಜರಾತಿನ ಹಳ್ಳಿಗಾಡಿನಲ್ಲಿ ಸೇವೆ ಸಲ್ಲಿಸಿ, ಬಳಿಕ ಮುಂಬಯಿಯಲ್ಲಿ 2005ರವರೆಗೂ ಸಾಮಾನ್ಯ ವೈದ್ಯರಾಗಿ ದುಡಿದರು. ಮೂರು ನಾಟಕಗಳನ್ನು ಬರೆದರು, ಚಿತ್ರಕಾರರಾಗಿಯೂ ಹೆಸರಾದರು. ಇಷ್ಟೆಲ್ಲವನ್ನು ಹೇಳಿ 'ಬಹುಮುಖ ಪ್ರತಿಭೆ' ಎಂದು ಕೈತೊಳೆದುಕೊಳ್ಳುವುದು ವಿಮರ್ಶೆಯ ಸುಲಭದ ದಾರಿ. ಪಟೇಲರ ವಿಷಯದಲ್ಲಿ ಅದು ದಾರಿತಪ್ಪಿಸುವ ಮಾತು. ವೈದ್ಯ ಮತ್ತು ಕವಿ ಅಲ್ಲಿ ಇಬ್ಬರಲ್ಲ.

ಮರವನ್ನು ಕೊಲ್ಲುವುದನ್ನು ಕುರಿತ ಅವರ ಕವಿತೆ ಶಾಲಾ ಪಠ್ಯಗಳ ಮೂಲಕ ಮನೆಮಾತಾಗಿದೆ. ಪರಿಸರ ಕಾಳಜಿಯ ಪದ್ಯವೆಂದೇ ಅದನ್ನು ಪಾಠ ಹೇಳುವ ರೂಢಿ. ಆದರೆ ಅಲ್ಲಿ ಬೋಧೆಯ ದನಿಯಿಲ್ಲ. ಕಡಿದ ಗಾಯ ಮಾಯುವ ಬಗೆ, ಮತ್ತೆ ಚಿಗುರುವ ಹಟ, ಬೇರು ಕಿತ್ತು ಒಣಗಿಸುವವರೆಗಿನ ಹಂತಗಳು, ಎಲ್ಲವೂ ಶಸ್ತ್ರಚಿಕಿತ್ಸೆಯ ವಿವರಣೆಯಷ್ಟು ತಣ್ಣಗೆ ನಿರೂಪಿತವಾಗಿವೆ. ಓದುಗನ ಎದೆ ನಡುಗುವುದು ಈ ತಣ್ಣನೆಯ ಧ್ವನಿಗೇ. ಹತ್ತು ವರ್ಷಗಳ ತರುವಾಯ, 1976ರಲ್ಲಿ ಬಂದ ಎರಡನೆಯ ಸಂಕಲನದ ಹೆಸರೇ ದೇಹವನ್ನು ಕುರಿತ ಪ್ರಶ್ನೆ: ಇಷ್ಟೆಲ್ಲವನ್ನು ನೀನು ತಾಳಿಕೊಳ್ಳುವುದೆಂತು? ಮರಕ್ಕೆ ಕೇಳಬಹುದಾಗಿದ್ದ ಪ್ರಶ್ನೆಯೂ ಇದೇ.

ಸಾರ್ವಜನಿಕ ಆಸ್ಪತ್ರೆಯನ್ನು ಕುರಿತ ಕವಿತೆ ಇನ್ನೂ ಮುಖ್ಯವಾದದ್ದು. ಬಡರೋಗಿಗಳ ಮುಂದೆ ಕುಳಿತ ಎಳೆಯ ವೈದ್ಯನಿಗೆ ಅಧಿಕಾರದ ಗತ್ತು ಎಷ್ಟು ಬೇಗ ಮೈಗೂಡಿತೆಂಬುದನ್ನು ಅದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತದೆ. 'ನಾರ್ಗೋಲ್' ಎಂಬ ಕವಿತೆಯಲ್ಲಿ ಭಿಕ್ಷೆಗೆ ಕೈಯೊಡ್ಡಿ ಬೆನ್ನುಹತ್ತುವ ಕುಷ್ಠರೋಗಿ ಹೆಂಗಸಿನೆದುರು ನಿರೂಪಕ ಮೊದಲು ಬಿಗಿಯುತ್ತಾನೆ, ಕೊನೆಗೆ ಸೋಲುತ್ತಾನೆ. ಕರುಣೆಯನ್ನು ತನ್ನ ಆಭರಣವಾಗಿ ತೊಡದ ಕವಿ ಈತ. ವೈದ್ಯನೆಂದೊಡನೆ ದಯಾಮಯನೆಂದು ಭಾವಿಸುವ ವಾಡಿಕೆಗೆ ಇಂಥ ಕವಿತೆಗಳು ಮುಜುಗರ ತರುತ್ತವೆ, ತರಲಿ.

ಇಂಗ್ಲಿಷಿನಲ್ಲಿ ಬರೆದದ್ದರಿಂದ ಪಟೇಲರನ್ನು ನಗರದ ಮೇಲ್ವರ್ಗದ ಕವಿಯೆಂದು ಬದಿಗಿಡುವ ಪ್ರವೃತ್ತಿಯೂ ದೇಶಭಾಷೆಗಳ ವಲಯದಲ್ಲಿ ಉಂಟು. ಈ ಆಕ್ಷೇಪದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಹಿಂದುವೂ ಅಲ್ಲದ ಮುಸ್ಲಿಮನೂ ಅಲ್ಲದ ತನ್ನ ಅತಂತ್ರ ಸ್ಥಿತಿಯನ್ನು ಸ್ವತಃ ಕವಿಯೇ ಕವಿತೆಯಾಗಿಸಿದ್ದಾರೆ. ಆದರೆ ಅದೇ ಕವಿ ಹದಿನೇಳನೆಯ ಶತಮಾನದ ಗುಜರಾತಿ ಅನುಭಾವಿ ಅಖೋನ ಛಪ್ಪಾಗಳ ಅನುವಾದಕ್ಕೂ ಕೈಹಾಕಿದರೆಂಬುದನ್ನು ಮರೆಯಲಾಗದು. ಅಕ್ಕಸಾಲಿಗನಾದ ಅಖೋನ ಕುಟುಕುಮಾತು ಸರ್ವಜ್ಞನನ್ನು ಬಲ್ಲ ಕನ್ನಡಿಗನ ಕಿವಿಗೆ ಒಡನೆಯೇ ಹಿಡಿಸುವಂಥದು. ಮುಂಬಯಿ ಕನ್ನಡ ವಿದ್ವಾಂಸರಿಗೆ ಗುಜರಾತಿಯೂ ಇಂಗ್ಲಿಷೂ ನೆರೆಮನೆಯ ಭಾಷೆಗಳು. ಅಖೋ–ಸರ್ವಜ್ಞರ ತೌಲನಿಕ ಅಧ್ಯಯನಕ್ಕೆ ಈ ನಗರಕ್ಕಿಂತ ತಕ್ಕ ನೆಲೆ ಬೇರೆ ಬೇಕಿಲ್ಲ. ಪಟೇಲರ ಅನುವಾದಗಳಿಂದಲೇ ಅದನ್ನು ಆರಂಭಿಸಬಹುದು.