ಕೊಳಗಲ್ಲಿಗೆ ಕಡಲು ಬಂದೀತೇ?

ಬೇಸಿಗೆ ರಜೆಗೆ ಬಂದ ಮೊಮ್ಮಗಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ತಾತ, ಈ ಸಲ ನೀಮೋ ತರೋಣ?"

ನೀಮೋ ಯಾರೆಂದು ಮೊಮ್ಮಕ್ಕಳಿರುವ ಮನೆಗಳಲ್ಲಿ ಹೇಳಬೇಕಾಗಿಲ್ಲ. 2003ರಲ್ಲಿ ಬಂದ ಕಾರ್ಟೂನ್ ಸಿನಿಮಾದ ಮರಿಮೀನು ಅದು. ಕಿತ್ತಳೆ ಮೈ, ಮೇಲೆ ಬಿಳಿ ಪಟ್ಟೆ. ಕ್ಲೌನ್ ಮೀನು ಎನ್ನುತ್ತಾರೆ. ಗಾಜಿನ ತೊಟ್ಟಿ ಸೇರಿದ ಮಗನನ್ನು ಅಪ್ಪ ಮೀನು ಹುಡುಕಿಕೊಂಡು ಹೋಗುವುದೇ ಆ ಸಿನಿಮಾದ ಕತೆ. ಅದನ್ನು ನೋಡಿ ಅತ್ತ ಮಕ್ಕಳೇ ಆ ಮೀನನ್ನು ತೊಟ್ಟಿಗೆ ತರಬೇಕೆಂದು ಹಟ ಹಿಡಿಯುತ್ತಾರೆ, ನೋಡಿ!

ನಮ್ಮ ಪಡಸಾಲೆಯಲ್ಲಿ ಎರಡು ಅಡಿ ಉದ್ದದ ಒಂದು ತೊಟ್ಟಿ ಇದೆ. ಅದರಲ್ಲಿ ಗಪ್ಪಿ, ಕರಿ ಮೋಲಿ, ಒಂದು ಜೋಡಿ ಗೌರಾಮಿ. ಎಲ್ಲವೂ ಸಿಹಿನೀರಿನವು. "ಅದರಲ್ಲೇ ಬಿಟ್ಟರಾಯಿತು, ಜಾಗ ಇದೆಯಲ್ಲ" ಎಂದಳು. ಕೂಡದು ಎಂದೆ. ಯಾಕೆ ಎಂದಳು. ಮಕ್ಕಳ 'ಯಾಕೆ'ಗೆ ಉತ್ತರ ಕೊಡಲು ಅವರಜ್ಜಿಯನ್ನು ಕರೆಯಬೇಕಾಯಿತು, ಏಕೆಂದರೆ ಆಗ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಕೆಲಸ ನಡೆದಿತ್ತು.

ಹೆಚ್ಚಿದ ಮಾವಿನಕಾಯಿಗೆ ಉಪ್ಪು ಸವರಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಜಾಡಿಯಲ್ಲಿ ನೀರು ನಿಂತಿರುತ್ತದೆ. ಹೊರಗಿನ ಉಪ್ಪು ಕಾಯಿಯೊಳಗಿನ ನೀರನ್ನು ಎಳೆದುಕೊಂಡಿತು. ಅದೇ ಒಣದ್ರಾಕ್ಷಿಯನ್ನು ಬರಿ ನೀರಿಗೆ ಹಾಕಿ, ಉಬ್ಬಿ ಗುಂಡಗಾಗುತ್ತದೆ. ಅಲ್ಲಿ ನೀರು ಒಳಕ್ಕೆ ಹೋಯಿತು. ಮೀನಿನ ಮೈಯಲ್ಲೂ ಇದೇ ನಡೆಯುತ್ತದೆ. ಕಡಲಿನ ಮೀನು ಮಾವಿನಕಾಯಿ ಹೋಳಿನ ಹಾಗೆ. ಮೈಯ ನೀರು ಸದಾ ಹೊರಗೆ ಹೋಗುತ್ತಿರುತ್ತದೆ. ಅದಕ್ಕೇ ಅದು ಕಡಲ ನೀರನ್ನು ಕುಡಿಯುತ್ತಲೇ ಇದ್ದು, ಹೆಚ್ಚಾದ ಉಪ್ಪನ್ನು ಕಿವಿರುಗಳಿಂದ ಹೊರಹಾಕುತ್ತದೆ. ಸಿಹಿನೀರಿನ ಮೀನು ಒಣದ್ರಾಕ್ಷಿಯ ಹಾಗೆ. ನೀರು ತಾನಾಗಿ ಮೈಯೊಳಗೆ ನುಗ್ಗುವುದರಿಂದ ಅದು ಕುಡಿಯುವ ಗೋಜಿಗೆ ಹೋಗುವುದಿಲ್ಲ, ದಿನವಿಡೀ ಮೂತ್ರ ಮಾಡುತ್ತಿರುತ್ತದೆ. ಇದನ್ನು ಕೇಳಿ ಮೊಮ್ಮಗಳು ಹತ್ತು ನಿಮಿಷ ನಕ್ಕಳು. ನೀಮೋವನ್ನು ನಮ್ಮ ತೊಟ್ಟಿಗೆ ಬಿಟ್ಟರೆ ಒಣದ್ರಾಕ್ಷಿಯಂತೆ ನೀರು ತುಂಬಿಕೊಂಡು ಸಾಯುತ್ತದೆ ಎಂದಾಗ ನಗು ನಿಂತಿತು.

"ಹಾಗಾದರೆ ನೀರಿಗೆ ಉಪ್ಪು ಹಾಕೋಣ!"

ಸರಿಯಾದ ಮಾತೇ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನೂರು ಲೀಟರಿನ ತೊಟ್ಟಿಗೆ ಮೂರೂವರೆ ಕಿಲೋ ಬೇಕು. ಆದರೆ ಅಡುಗೆ ಉಪ್ಪು ನಡೆಯದು. ಕಡಲಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಅದರದರ ಅಳತೆಯಲ್ಲಿ ಬೆರೆತಿವೆ. ಅದಕ್ಕೆಂದೇ ಬೇರೆ ಉಪ್ಪು ಸಿಗುತ್ತದೆ, ಬೆಲೆಯೂ ಬೇರೆ.

ಇಷ್ಟು ಕಷ್ಟಪಟ್ಟು ಉಪ್ಪುನೀರಿನ ತೊಟ್ಟಿ ಇಡುವವರು ಯಾಕೆ ಇಡುತ್ತಾರೆ? ಬೆಂಗಳೂರಿನಲ್ಲಿರುವ ನನ್ನ ಗೆಳೆಯನ ಮಗನ ಮನೆಯಲ್ಲಿ ಒಮ್ಮೆ ನೋಡಿದೆ. ಅದರ ಮುಂದೆ ಕೂತವನಿಗೆ ಕಾಫಿ ಆರಿದ್ದೂ ಗೊತ್ತಾಗಲಿಲ್ಲ. ಅಂಥ ನೀಲಿ, ಅಂಥ ಹಳದಿ ನಮ್ಮ ಕೆರೆ-ಹೊಳೆಗಳ ಮೀನಿನಲ್ಲಿ ನಾನು ಕಂಡಿಲ್ಲ. ಅಲ್ಲಿ ಅನಿಮೋನ್ ಎಂಬ ಪ್ರಾಣಿ ಇತ್ತು. ನೋಡಲು ಹೂವು, ಮುಟ್ಟಿದರೆ ಕುಟುಕು. ಬೇರೆ ಮೀನುಗಳು ಹತ್ತಿರ ಸುಳಿಯುವುದಿಲ್ಲ. ಕ್ಲೌನ್ ಮೀನು ಮಾತ್ರ ಅದರ ಎಸಳುಗಳ ನಡುವೆ ಹಾಸಿಗೆ ಮಾಡಿಕೊಂಡಿರುತ್ತದೆ. ಅದರ ಮೈಮೇಲಿನ ಲೋಳೆ ಅದಕ್ಕೆ ಕಾವಲು. ಇನ್ನೊಂದು ಸೋಜಿಗ ಕೇಳಿ: ಕ್ಲೌನ್ ಮೀನುಗಳೆಲ್ಲ ಹುಟ್ಟುವಾಗ ಗಂಡು. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ. ಅದು ಸತ್ತರೆ ಅದರ ಜೊತೆಗಾರ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ.

ಆ ಹುಡುಗ ಮದುವೆ-ಮುಂಜಿ ಎಂದು ಊರಿಗೆ ಬಂದರೆ ಎರಡನೇ ದಿನಕ್ಕೇ ಚಡಪಡಿಸುತ್ತಾನೆ ಎಂದು ಅವರಪ್ಪ ದೂರುತ್ತಿದ್ದರು. ತೊಟ್ಟಿಯೇ ಕಾರಣ. ಸಾರು ಕುದಿದು ಬತ್ತಿದರೆ ಉಪ್ಪಾಗುವುದಿಲ್ಲವೇ? ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಉಪ್ಪುನೀರಿನ ತೊಟ್ಟಿಯಲ್ಲೂ ಹಾಗೆಯೇ. ಪ್ರತಿದಿನ ಆವಿಯಾದಷ್ಟು ಬರಿ ನೀರನ್ನು ಸೇರಿಸುತ್ತಿರಬೇಕು. ಬೆಂಗಳೂರಿನಲ್ಲೇ ಹೀಗಾದರೆ ನಮ್ಮ ಬಳ್ಳಾರಿ ಸೀಮೆಯ ಬಿಸಿಲಲ್ಲಿ? ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹವಳಕ್ಕೆ ಬೇಕಾದದ್ದು 25-26 ಡಿಗ್ರಿಯ ನೀರು. 30 ದಾಟಿ ಹಾಗೇ ನಿಂತರೆ ಅದು ಬಿಳಿಚಿಕೊಂಡು ಸಾಯತೊಡಗುತ್ತದೆ. ನೀರು ತಂಪು ಮಾಡುವ ಯಂತ್ರ ಉಂಟು. ಅನೇಕ ಸಲ ತೊಟ್ಟಿಗಿಂತ ಅದರ ಬೆಲೆಯೇ ಹೆಚ್ಚು. ಮಧ್ಯಾಹ್ನ ಎರಡಕ್ಕೆ ಕರೆಂಟು ಹೋದರೆ ಅದೂ ಬರಿ ಡಬ್ಬ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಉಪ್ಪುನೀರಿನಲ್ಲಂತೂ ಇನ್ನೂ ಕಡಿಮೆ. ನಮ್ಮ ಗೌರಾಮಿಗೆ ಆ ಚಿಂತೆ ಇಲ್ಲ. ಗಾಳಿ ಪಂಪು ನಿಂತರೆ ಮೇಲಕ್ಕೆ ಬಂದು ಬಾಯಿಂದಲೇ ಗಾಳಿ ಗುಟುಕರಿಸುತ್ತದೆ. ತಲೆಯೊಳಗೆ ಅದಕ್ಕೆಂದೇ ಒಂದು ಅಂಗವಿದೆ. ನಮ್ಮ ಬೋರಿನ ನೀರು ಗಡುಸು, ಕೊಡದೊಳಗೆ ಬಿಳಿ ಪೊರೆ ಕಟ್ಟುತ್ತದೆ ಎಂದು ಮನೆಯಾಕೆ ದಿನವೂ ಗೊಣಗುತ್ತಾಳೆ. ಗಪ್ಪಿ, ಮೋಲಿಗಳಿಗೆ ಆ ಗಡುಸು ನೀರೇ ಹಿತ.

ಹಾಗೆಂದು ಸಿಹಿನೀರಿನವರೆಲ್ಲ ಬುದ್ಧಿವಂತರು ಎಂದುಕೊಳ್ಳಬೇಡಿ. ನನ್ನ ಮೊದಲ ತೊಟ್ಟಿಯಲ್ಲಿ ಒಂಬತ್ತು ಮೀನುಗಳಿದ್ದವು. ಹಬ್ಬದ ಹಿಂದಿನ ದಿನ ತೊಟ್ಟಿಯ ಕಲ್ಲು, ಮರಳು, ಸ್ಪಂಜು ಎಲ್ಲವನ್ನೂ ನಲ್ಲಿ ಕೆಳಗೆ ಉಜ್ಜಿ ತೊಳೆದು, ಹೊಸ ನೀರು ತುಂಬಿ, ಎಷ್ಟು ಚೊಕ್ಕವಾಯಿತು ಎಂದು ಹಿಗ್ಗಿದೆ. ನಾಲ್ಕು ದಿನದಲ್ಲಿ ಎಂಟು ಸತ್ತವು. ಮೀನಿನ ಹೇಲು, ಉಳಿದ ಕೂಳಿನಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಮರಳು, ಸ್ಪಂಜುಗಳಲ್ಲಿ ವಾಸವಿರುವ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಅಷ್ಟು ಕೇಡಿಲ್ಲದ ನೈಟ್ರೇಟ್ ಮಾಡುತ್ತವೆ. ನಾನು ತೊಳೆದು ಚೆಲ್ಲಿದ್ದು ಅವನ್ನೇ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆ ಎಂಟು ಮೀನುಗಳ ಲೆಕ್ಕ ಇವತ್ತಿಗೂ ನನ್ನ ಹೆಸರಲ್ಲೇ ಇದೆ.

ಈ ಹುಚ್ಚು ಶುರುವಾದದ್ದು ಉಪ್ಪುನೀರಿನಿಂದಲೇ ಎಂದರೆ ನಂಬುತ್ತೀರಾ? 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಜೀವಿವಿಜ್ಞಾನಿ ಮನೆಯಲ್ಲಿ ಕಡಲ ತೊಟ್ಟಿ ಇಡುವ ಬಗೆಗೆ ಪುಸ್ತಕ ಬರೆದ. ಜನ ಬುಟ್ಟಿ, ಬಾಟಲಿ ಹಿಡಿದು ದಡಕ್ಕೆ ನುಗ್ಗಿದರು. ಕಲ್ಲುಗುಂಡಿಗಳಲ್ಲಿದ್ದ ಜೀವಿಗಳೆಲ್ಲ ಬರಿದಾದವು ಎಂದು ಅವನ ಮಗ ಎಡ್ಮಂಡ್ ಮುಂದೆ ಬರೆದುಕೊಂಡಿದ್ದಾನೆ.

ಇಂದೂ ಅಂಗಡಿಯ ಸಿಹಿನೀರಿನ ಮೀನುಗಳಲ್ಲಿ ಹೆಚ್ಚಿನವು ಸಾಕಣೆಯವು, ಕಡಲ ಮೀನುಗಳಲ್ಲಿ ಹೆಚ್ಚಿನವು ಕಡಲಿನಿಂದಲೇ ಹಿಡಿದವು. ಕ್ಲೌನ್ ಮೀನಿನ ಅದೃಷ್ಟ ಚೆನ್ನಾಗಿದೆ. ಅದನ್ನು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ತೊಟ್ಟಿಯಲ್ಲೇ ಮರಿ ಮಾಡಿಸಿದ್ದಾರೆ. ನಮ್ಮ ಕಡಲಿನ ಹವಳ, ಕಡಲಕುದುರೆಗಳನ್ನು ಮಾತ್ರ ಹಿಡಿಯುವಂತಿಲ್ಲ, ಮಾರುವಂತಿಲ್ಲ. ವನ್ಯಜೀವಿ ಕಾಯ್ದೆ ಅವನ್ನು ಹುಲಿಯಂತೆಯೇ ಕಾಯುತ್ತದೆ.

ಸಿಹಿನೀರೂ ಪೂರಾ ಪಾಪಮುಕ್ತವಲ್ಲ. ಕೊಡಗಿನಲ್ಲಿ ಹುಟ್ಟಿ ಸುಳ್ಯದ ಮೇಲೆ ಹಾದು ಕಾಸರಗೋಡಿನಲ್ಲಿ ಕಡಲು ಸೇರುವ ಪಯಸ್ವಿನಿ ಹೊಳೆ ಇದೆಯಲ್ಲ, ಚಂದ್ರಗಿರಿ ಎಂದೂ ಹೆಸರು. ಅಲ್ಲಿ ಕಪ್ಪು-ಕೆಂಪು ಗೆರೆಯ ಒಂದು ಮೀನಿದೆ. ವ್ಯಾಪಾರಿಗಳು ಅದಕ್ಕೆ ಮಿಸ್ ಕೇರಳ ಎಂದು ಹೆಸರಿಟ್ಟಿದ್ದಾರೆ. ವಿಜ್ಞಾನದ ಹೆಸರಿನಲ್ಲಿ ಮಾತ್ರ ಡೆನಿಸನ್ ಎಂಬ ಮದ್ರಾಸ್ ಗವರ್ನರ್ ಕೂತಿದ್ದಾನೆ; 1865ರಲ್ಲಿ ಆ ಹೆಸರು ಬಿದ್ದಾಗ ನಮ್ಮ ಬಳ್ಳಾರಿಯೂ ಅವನ ಆಳ್ವಿಕೆಯಲ್ಲೇ ಇತ್ತು. ಹೊರದೇಶದವರ ತೊಟ್ಟಿಗಳಿಗೆಂದು ಹಿಡಿದೂ ಹಿಡಿದೂ ಈಗದು ಅಳಿವಿನ ಅಪಾಯದ ಪಟ್ಟಿ ಸೇರಿದೆ.

ಇಷ್ಟೆಲ್ಲ ಕೇಳಿದ ಮೇಲೆ ಮೊಮ್ಮಗಳು ಒಂದು ಸ್ಕೆಚ್ ಪೆನ್ ತಂದು, ತೊಟ್ಟಿಯ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಗೆರೆ ಎಳೆದಳು. ಮೂರು ದಿನಕ್ಕೆ ನೀರು ಒಂದು ಬೆರಳು ಇಳಿದಿತ್ತು. ಮಧ್ಯಾಹ್ನ ಥರ್ಮಾಮೀಟರ್ ಇಟ್ಟಳು, 33 ತೋರಿಸಿತು. ನೋಟ್ ಪುಸ್ತಕದಲ್ಲಿ ಬರೆದುಕೊಂಡು, "ನೀಮೋಗೆ ಇಲ್ಲಿ ಸೆಕೆ ಆಗ್ತದ ತಾತ" ಎಂದಳು. ನಾನೇನೂ ಹೇಳಲಿಲ್ಲ.

ಹೊರಡುವ ಹಿಂದಿನ ದಿನ ಕರಿ ಮೋಲಿ ಮರಿ ಹಾಕಿತು. ಅದು ಮೊಟ್ಟೆ ಇಡುವ ಜಾತಿಯಲ್ಲ. ಮೆಲ್ಲಗೆ ರೂಢಿ ಮಾಡಿಸಿದರೆ ಮೋಲಿ ಕಡಲ ನೀರಿನಲ್ಲೂ ಬದುಕುತ್ತದೆ ಎಂದು ಹೇಳಿದ್ದೇ ತಪ್ಪಾಯಿತು, ಮುಂದಿನ ರಜೆಗೆ ಅದನ್ನೇ ಮಾಡೋಣ ಎಂದು ಮಾತು ತಗೊಂಡಿದ್ದಾಳೆ. ಅವಳ ಎಣಿಕೆಗೆ ಮರಿಗಳು ಹದಿನೇಳು, ನನ್ನ ಎಣಿಕೆಗೆ ಹದಿನಾಲ್ಕು. ಈಗ ದಿನಾ ಸಂಜೆ ಫೋನು ಮಾಡಿ ಲೆಕ್ಕ ಕೇಳುತ್ತಾಳೆ.