ಬೆಕ್ಕಿನ ಕೊರಳಿಗೊಂದು ನಳಿಗೆ

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಇಲಿಗಳ ಸಭೆಯಲ್ಲಿ ಇಂದಿಗೂ ಉತ್ತರ ದೊರೆತಿಲ್ಲ. ಆದರೆ ಬೆಕ್ಕಿನ ಕೊರಳಿನಲ್ಲಿ ನಳಿಗೆಯೊಂದನ್ನು ಇರಿಸಿ, ಅದರ ಮೂಲಕ ದಿನಕ್ಕೆ ಐದು ಸಲ ಊಟ ಹಾಕುವವರು ಯಾರು ಎಂಬ ಪ್ರಶ್ನೆ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಕೆಲವು ಮನೆಗಳಲ್ಲಿ ಈಗ ನಿಜವಾಗಿಯೇ ಏಳುತ್ತದೆ. ಅದಕ್ಕೆ ಉತ್ತರವೂ ಉಂಟು: ಮನೆಯವರೇ.

1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದ ಕಾಲದಲ್ಲಿ ಬೆಕ್ಕು ಇದ್ದುದು ಅಕ್ಕಿಮೂಟೆಯ ಕಾವಲಿಗೆ. ಅದಕ್ಕೆ ಕಾಯಿಲೆಯಾದರೆ ಎಲ್ಲಿಯೋ ಮರೆಯಲ್ಲಿ ಹೋಗಿ ಅಡಗುತ್ತಿತ್ತು. ಮಕ್ಕಳು ಎರಡು ದಿನ ಹುಡುಕಿ ಅತ್ತು ಸುಮ್ಮನಾಗುತ್ತಿದ್ದರು. ಇಂದು ಬಿ.ಟಿ.ಎಂ. ಬಡಾವಣೆಯ ಮೂರನೆಯ ಅಂತಸ್ತಿನ ಮನೆಯಲ್ಲಿ ಅಕ್ಕಿಮೂಟೆಯೂ ಇಲ್ಲ, ಇಲಿಯೂ ಇಲ್ಲ. ಬೆಕ್ಕು ಮಾತ್ರ ಉಂಟು. ಅದು ಮನೆಯ ಮಕ್ಕಳಲ್ಲಿ ಒಂದಾಗಿದೆ. ಆದುದರಿಂದ ಅದು ಊಟ ಬಿಟ್ಟರೆ ಮನೆಯವರಿಗೂ ಅನ್ನ ಸೇರುವುದಿಲ್ಲ.

ಬನಶಂಕರಿ ಎರಡನೆಯ ಹಂತದ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬೆಕ್ಕು ಎರಡು ದಿನದಿಂದ ತಟ್ಟೆಯನ್ನು ಮೂಸಿ ಮುಖ ತಿರುಗಿಸುತ್ತಿದೆ. ಏಕಾದಶಿಯನ್ನು ತಪ್ಪದೆ ಆಚರಿಸುವ ಅಜ್ಜಿಗೆ ಮೊದಲು ನೆನಪಾಗುವುದು ‘ಲಂಘನಂ ಪರಮೌಷಧಂ’ ಎಂಬ ಮಾತು. ಮನುಷ್ಯರ ಅಜೀರ್ಣಕ್ಕೆ ಅದು ಸಲ್ಲಬಹುದು; ಬೆಕ್ಕಿಗೆ ಸಲ್ಲದು. ಮೈತುಂಬಿಕೊಂಡ ಬೆಕ್ಕು ಕೆಲವೇ ದಿನ ಆಹಾರವಿಲ್ಲದೆ ಇದ್ದರೂ ಅದರ ಮೈಯಲ್ಲಿ ಸಂಗ್ರಹವಾಗಿದ್ದ ಕೊಬ್ಬು ಕರಗಿ ಯಕೃತ್ತಿಗೆ ಬಂದು ಸೇರತೊಡಗುತ್ತದೆ. ಅಷ್ಟನ್ನು ನಿಭಾಯಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಕಿವಿಯ ಒಳಬದಿ, ಒಸಡು, ಕಣ್ಣಿನ ಬಿಳಿಯ ಭಾಗ ಹಳದಿಯಾಗುತ್ತವೆ. ವಾಕರಿಕೆ ಹೆಚ್ಚುತ್ತದೆ. ವಾಕರಿಕೆಯಿಂದ ಮತ್ತಷ್ಟು ಉಪವಾಸ, ಉಪವಾಸದಿಂದ ಮತ್ತಷ್ಟು ರೋಗ. 1977ರಲ್ಲಿ ಪಶುವೈದ್ಯರು ಈ ರೋಗವನ್ನು ವಿವರಿಸಿ ಬರೆದ ಕಾಲಕ್ಕೆ ಇದಕ್ಕೆ ಸಿಕ್ಕ ಬೆಕ್ಕುಗಳಲ್ಲಿ ಹೆಚ್ಚಿನವು ಉಳಿಯುತ್ತಿರಲಿಲ್ಲ. ಈಗ ಹೆಚ್ಚಿನವು ಉಳಿಯುತ್ತವೆ. ಇದಕ್ಕೆ ಮುಖ್ಯ ಕಾರಣ ಯಾವುದೋ ಹೊಸ ಗುಳಿಗೆಯಲ್ಲ. ಸಕಾಲದಲ್ಲಿ ಒಳಗೆ ಹೋಗುವ ಊಟವೇ ಇದರ ಔಷಧ.

ಊಟ ಒಳಗೆ ಹೋಗಬೇಕು, ಸರಿ. ಹೇಗೆ? ಹಿಂದಿನ ತಾಯಂದಿರು ಹಟಮಾಡುವ ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ಔಷಧ ಹುಯ್ಯುತ್ತಿದ್ದರು. ಬೆಕ್ಕಿಗೂ ಹಾಗೆಯೇ ಮಾಡಿದರಾಯಿತೆಂದು ಅನೇಕರು ಸಿರಿಂಜು ಹಿಡಿದು ಕೂರುತ್ತಾರೆ. ಕೈಗೆ ಪರಚುಗಾಯ, ನೆಲಕ್ಕೆ ಅರ್ಧ ಆಹಾರ, ಬೆಕ್ಕಿಗೆ ಹೆದರಿಕೆ. ಆಹಾರ ಶ್ವಾಸನಾಳಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಇದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಯಾರಿಗೆ ತಿಳಿಯದು? ಒಮ್ಮೆ ಕುದಿಯುವ ಹಾಲಿಗೆ ಬಾಯಿಟ್ಟು ನಾಲಗೆ ಸುಟ್ಟುಕೊಂಡ ಆ ಬೆಕ್ಕು ಮುಂದೆ ಹಾಲನ್ನು ಕಂಡರೆ ಓಡುತ್ತಿತ್ತು. ಕಥೆಯಲ್ಲಿ ನಗುವಂತಿರುವ ಈ ಸಂಗತಿ ಕಾಯಿಲೆಯ ಬೆಕ್ಕಿನಲ್ಲಿ ದಿನವೂ ನಡೆಯುವಂಥದು. ವಾಕರಿಸುತ್ತಿರುವ ಬೆಕ್ಕಿನ ಬಾಯಿಗೆ ಬಲವಂತವಾಗಿ ತುರುಕಿದ ಆಹಾರವನ್ನು ಅದು ತನ್ನ ಸಂಕಟದೊಡನೆ ಸೇರಿಸಿ ನೆನಪಿಟ್ಟುಕೊಳ್ಳುತ್ತದೆ. ಗುಣವಾದ ಮೇಲೂ ಆ ವಾಸನೆಗೆ ಮುಖ ತಿರುಗಿಸುತ್ತದೆ.

ಈ ಇಕ್ಕಟ್ಟಿಗೆ ಪಶುವೈದ್ಯರು ಹೇಳುವ ಪರಿಹಾರವೇ ನಳಿಗೆ. ಮೂಗಿನಿಂದ ಇಳಿಸುವ ಸಣ್ಣ ನಳಿಗೆ ಕೆಲವು ದಿನಗಳ ಮಟ್ಟಿಗೆ ಸಾಕು. ಅದರಲ್ಲಿ ತೆಳುವಾದ ದ್ರವ ಮಾತ್ರ ಹೋಗುತ್ತದೆ. ವಾರಗಟ್ಟಲೆ ಬೇಕಾದರೆ ಕೊರಳಿನ ಪಕ್ಕದಲ್ಲಿ, ಸಾಮಾನ್ಯವಾಗಿ ಎಡಬದಿಯಲ್ಲಿ, ಚಿಕ್ಕದೊಂದು ರಂಧ್ರ ಮಾಡಿ ಅನ್ನನಾಳಕ್ಕೆ ನಳಿಗೆಯನ್ನು ಇಳಿಸುತ್ತಾರೆ. ಅರಿವಳಿಕೆ ಕೊಟ್ಟು ಸ್ವಲ್ಪ ಹೊತ್ತಿನಲ್ಲಿ ಮುಗಿಸುವ ಕೆಲಸ ಇದು. ನಳಿಗೆಯ ತುದಿ ಜಠರಕ್ಕೆ ತುಸು ಮೊದಲೇ ನಿಲ್ಲಬೇಕು. ಅದು ಸರಿಯಾದ ಸ್ಥಳದಲ್ಲಿದೆಯೆಂದು ಕ್ಷ-ಕಿರಣ ಚಿತ್ರದಿಂದ ಖಚಿತಪಡಿಸಿಕೊಳ್ಳುತ್ತಾರೆ.

ಮನೆಯಲ್ಲಿ ವಾದ ಹುಟ್ಟುವುದು ಈಗ. “ಮೂಕಪ್ರಾಣಿಯ ಕೊರಳಿಗೆ ತೂತು ಹೊಡೆಸುತ್ತೀಯೇನೆ? ಅದರ ಹಣೆಯಲ್ಲಿ ಬರೆದಷ್ಟು ದಿನ ಇರಲಿ ಬಿಡು” ಎನ್ನುತ್ತಾರೆ ಅಜ್ಜಿ. “ಅತ್ತೆ, ದಿನಕ್ಕೆ ಐದು ಸಲ ಬಾಯಿ ಅಗಲಿಸಿ ತುರುಕುವುದಕ್ಕಿಂತ ಇದು ವಾಸಿಯಲ್ಲವೆ? ಇದರಿಂದ ಅದರ ಬಾಯಿಯನ್ನು ಯಾರೂ ಮುಟ್ಟಬೇಕಾಗಿಲ್ಲ” ಎನ್ನುತ್ತಾಳೆ ಸೊಸೆ. ಸೊಸೆಯ ಮಾತಿನಲ್ಲಿ ನಿಜವಿದೆ. ನಳಿಗೆ ಬೆಕ್ಕಿನ ಬಾಯಿಗೆ ಬಿಡುವು ಕೊಡುತ್ತದೆ. ಹಸಿವಾದ ದಿನ ಅದು ತಾನಾಗಿ ತಿನ್ನಲು ನಳಿಗೆ ಅಡ್ಡಿ ಬರುವುದಿಲ್ಲ.

ಎರಡನೆಯ ವಾದ ಅಡಿಗೆಮನೆಯದು. ಬೆಕ್ಕಿಗೆ ಹಾಲನ್ನ ಹಾಕಿ ಬೆಳೆಸಿದ ಸಸ್ಯಾಹಾರಿ ಮನೆಯವರಿಗೆ ಅದನ್ನೇ ತೆಳ್ಳಗೆ ಕಲಸಿ ನಳಿಗೆಯಲ್ಲಿ ಬಿಡಬಾರದೇಕೆ ಎನಿಸುವುದು ಸಹಜ. ಆದರೆ ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಸತ್ತ್ವ ಅದಕ್ಕೆ ಸಹಜವಾಗಿ ಮಾಂಸ, ಮೀನುಗಳಿಂದಲೇ ಬರತಕ್ಕದ್ದು. ಅದರ ಕೊರತೆಯಿಂದ ಬೆಕ್ಕಿನ ಕಣ್ಣು ಕೆಡುವುದೆಂದು 1975ರಲ್ಲೂ, ಹೃದಯ ದುರ್ಬಲವಾಗುವುದೆಂದು 1987ರಲ್ಲೂ ವಿಜ್ಞಾನಿಗಳು ತೋರಿಸಿಕೊಟ್ಟರು. ಆರೋಗ್ಯದ ದಿನಗಳಲ್ಲಿ ಹಾಲನ್ನದ ಕೊರತೆಯನ್ನು ಹಲ್ಲಿ, ಜಿರಲೆ, ಇಲಿಗಳಿಂದ ತುಂಬಿಕೊಳ್ಳುತ್ತಿದ್ದ ಬೆಕ್ಕಿಗೆ ಕಾಯಿಲೆಯಲ್ಲಿ ಆ ದಾರಿಯೂ ಇಲ್ಲ. ಆದುದರಿಂದ ವೈದ್ಯರು ಸೂಚಿಸಿದ, ರೋಗಿಬೆಕ್ಕುಗಳಿಗೆಂದೇ ತಯಾರಾದ ಆಹಾರವನ್ನೇ ತರಬೇಕು. ಮಡಿಯ ಮನೆಯವರು ಇದಕ್ಕೆ ಬೇರೆಯೇ ಒಂದು ಬಟ್ಟಲು, ಚಮಚ, ಮಿಕ್ಸಿಯ ಜಾಡಿ ಇಟ್ಟುಕೊಂಡು ಪಾತ್ರೆ ತೊಳೆಯುವ ಕಡೆ ಒಂದು ಮೂಲೆಯನ್ನು ಮೀಸಲಿಟ್ಟರೆ ಅಜ್ಜಿಯ ಮನಸ್ಸಿಗೂ ನೋವಿಲ್ಲ, ಬೆಕ್ಕಿನ ಹೊಟ್ಟೆಗೂ ಮೋಸವಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಸೇರಿದ ಯಾವ ಸಾರನ್ನೂ ಬೆಕ್ಕಿಗೆ ಕೊಡಕೂಡದು. ಅವು ಅದರ ರಕ್ತವನ್ನು ಕೆಡಿಸುತ್ತವೆ.

ಇನ್ನು ಲೆಕ್ಕ. 4 ಕಿಲೋ ತೂಕದ ಬೆಕ್ಕು ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 200 ಕ್ಯಾಲರಿ ಬೇಡುತ್ತದೆ. ಆಹಾರದ ಪ್ರತಿ ಮಿಲಿಲೀಟರಿನಲ್ಲಿ 1 ಕ್ಯಾಲರಿ ಇದೆಯೆಂದಿಟ್ಟುಕೊಂಡರೆ ದಿನಕ್ಕೆ 200 ಮಿಲಿಲೀಟರ್. ಐದು ಹೊತ್ತಿಗೆ ಹಂಚಿದರೆ ಹೊತ್ತಿಗೆ 40. ಆದರೆ ಮೊದಲ ದಿನವೇ ಅಷ್ಟನ್ನೂ ಕೊಡುವ ಆತುರ ಕೂಡದು. ಬಹುದಿನ ಹಸಿದ ದೇಹಕ್ಕೆ ಒಮ್ಮೆಲೇ ಊಟ ಬಿದ್ದರೆ ರಕ್ತದಲ್ಲಿನ ಪೊಟ್ಯಾಸಿಯಂ, ರಂಜಕ ಮೊದಲಾದ ಲವಣಾಂಶಗಳು ಥಟ್ಟನೆ ಕುಸಿದು ಪ್ರಾಣಾಪಾಯವಾದೀತು. ಆದುದರಿಂದ ಮೊದಲ ದಿನ ಕಾಲು ಪಾಲು, ಅಂದರೆ ಹೊತ್ತಿಗೆ 10 ಮಿಲಿಲೀಟರ್; ಮೂರು ನಾಲ್ಕು ದಿನಗಳಲ್ಲಿ ಪೂರ್ತಿ. ಇದು ಲೆಕ್ಕದ ಮಾದರಿ ಮಾತ್ರ. ತಮ್ಮ ಬೆಕ್ಕಿನ ಅಳತೆಯನ್ನು ವೈದ್ಯರಿಂದಲೇ ಬರೆಸಿಕೊಳ್ಳತಕ್ಕದ್ದು.

ಉಣಿಸುವ ಕ್ರಮ ಗೃಹಿಣಿಯರಿಗೆ ಹೊಸದೇನೂ ಅಲ್ಲ. ಆಹಾರದಲ್ಲಿ ಗಂಟಿರಬಾರದು, ಅರೆದು, ಸೋಸಿ ಸಿರಿಂಜಿಗೆ ತುಂಬಬೇಕು. ಬಿಸಿನೀರಿನ ಬಟ್ಟಲಲ್ಲಿ ಸಿರಿಂಜನ್ನು ಇಟ್ಟು ಮೈಯ ಬಿಸಿಯಷ್ಟು ಬೆಚ್ಚಗಾಗಿಸಬೇಕು. ಮಗುವಿನ ಹಾಲನ್ನು ನೋಡುವಂತೆ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಬೇಕು. ತಣ್ಣಗಿದ್ದರೆ ವಾಂತಿಯಾದೀತು, ಸುಡುತ್ತಿದ್ದರೆ ಒಳಗೆ ಬೆಂದೀತು. ಬೆಕ್ಕು ಕುಳಿತಿರಬೇಕು, ಇಲ್ಲವೆ ಹೊಟ್ಟೆಯ ಮೇಲೆ ಮಲಗಿ ತಲೆಯೆತ್ತಿರಬೇಕು, ಅಂಗಾತ ಮಲಗಿಸಕೂಡದು. ನಳಿಗೆ ಚರ್ಮದಿಂದ ಹೊರಬರುವ ಜಾಗದಲ್ಲಿ ಶಾಯಿಯ ಗುರುತೊಂದನ್ನು ಮೊದಲೇ ಹಾಕಿಸಿಕೊಂಡಿದ್ದರೆ ಅದು ಜಾರಿದೆಯೇ ಎಂಬುದು ಪ್ರತಿ ಸಲ ತಿಳಿಯುತ್ತದೆ. ಮೊದಲು 5 ಮಿಲಿಲೀಟರ್ ಉಗುರುಬೆಚ್ಚನೆಯ ನೀರು. ಅದಕ್ಕೆ ಬೆಕ್ಕು ಕೆಮ್ಮಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಕೆಮ್ಮದಿದ್ದರೆ ಆಹಾರವನ್ನು ನಿಧಾನವಾಗಿ, ಹತ್ತು ಹದಿನೈದು ನಿಮಿಷ ಹಿಡಿಯುವಂತೆ ಬಿಡಬೇಕು. ಬೆಕ್ಕು ನಾಲಗೆ ಚಪ್ಪರಿಸಿ, ಜೊಲ್ಲು ಸುರಿಸತೊಡಗಿದರೆ ಸಾಕು ಎಂದರ್ಥ. ಕೊನೆಯಲ್ಲಿ ಮತ್ತೆ ನೀರು. ಈ ಕೊನೆಯ ನೀರನ್ನು ಮರೆತ ಮನೆಯಲ್ಲಿಯೇ ನಳಿಗೆ ಕಟ್ಟಿಕೊಳ್ಳುವುದು. ಕಟ್ಟಿದರೆ ಬೆಚ್ಚನೆಯ ನೀರನ್ನು ಮೆಲ್ಲನೆ ಒತ್ತಿ, ಎಳೆದು ನೋಡಬಹುದು. ಬಲಪ್ರಯೋಗವೂ ಬೇಡ, ತಂತಿ ಕಡ್ಡಿಗಳನ್ನು ತೂರಿಸುವ ಸಾಹಸವೂ ಬೇಡ.

ಗಾಯದ ಆರೈಕೆಯೂ ದಿನದ ಕೆಲಸವೇ. ಪಟ್ಟಿಯನ್ನು ಬಿಚ್ಚಿ ನೋಡಿ, ವೈದ್ಯರು ಹೇಳಿದ ದ್ರವದಿಂದ ಒರೆಸಿ, ಎರಡು ಬೆರಳು ನುಸುಳುವಷ್ಟು ಸಡಿಲವಾಗಿ ಮತ್ತೆ ಕಟ್ಟಬೇಕು. ಕೆಂಪು, ಬಾವು, ಕೀವು, ದುರ್ವಾಸನೆ ಕಂಡರೆ ತಡಮಾಡಕೂಡದು. ಜಯನಗರದ ಹಳೆಯ ಮನೆಗಳ ಕಾಂಪೌಂಡು ಗೋಡೆಗಳ ಮೇಲೆ ಓಡಾಡಿ ಬೆಳೆದ ಬೆಕ್ಕಾದರೂ ಈ ವಾರಗಳಲ್ಲಿ ಅದು ಮನೆಯೊಳಗೇ ಇರಬೇಕು. ಗೇಟಿನ ಸರಳಿಗೆ ನಳಿಗೆ ಸಿಕ್ಕಿಕೊಂಡರೆ ಗತಿಯೇನು? ವಾಂತಿಯೊಡನೆ ನಳಿಗೆಯ ತುದಿ ಬಾಯಿಗೆ ಬಂದರೆ ಅದರಲ್ಲಿ ಏನನ್ನೂ ಬಿಡದೆ ಆಸ್ಪತ್ರೆಗೆ ಒಯ್ಯಬೇಕು. ನಳಿಗೆ ಪೂರ್ತಿ ಕಳಚಿಬಿದ್ದರೆ ಅದನ್ನು ಮನೆಯಲ್ಲಿ ಮತ್ತೆ ತೂರಿಸಲು ಹೋಗಕೂಡದು. ನೋವಿಗೆಂದು ಮನೆಯ ಡಬ್ಬಿಯಲ್ಲಿರುವ ಪ್ಯಾರಸಿಟಮಾಲ್ ಕೊಟ್ಟೀರಿ, ಜೋಕೆ! ಮನುಷ್ಯರ ಆ ಸಾಧಾರಣ ಗುಳಿಗೆ ಬೆಕ್ಕಿಗೆ ವಿಷ.

ರಾತ್ರಿಯ ತುರ್ತಿಗೆ ಹತ್ತಿರದ ಪಶುವೈದ್ಯರು ಯಾರು, ಅವರು ಎಷ್ಟು ಹೊತ್ತಿನವರೆಗೆ ದೊರೆಯುತ್ತಾರೆ ಎಂಬುದನ್ನು ಮೊದಲೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡುವುದು ಲೇಸು. 1958ರಲ್ಲಿ ಪ್ರಾರಂಭವಾದ ಪಶುವೈದ್ಯಕೀಯ ಕಾಲೇಜು ನಗರದಲ್ಲಿದೆಯೆಂಬುದು ನಿಜವೇ. ಆದರೆ ಅದು ಇರುವುದು ಹೆಬ್ಬಾಳದಲ್ಲಿ. ಬನಶಂಕರಿಯವರಿಗೆ ಅದು ಊರಿನ ಇನ್ನೊಂದು ತುದಿ. ಸಂಜೆಯ ವಾಹನಗಳ ಸಂದಣಿಯಲ್ಲಿ ಬುಟ್ಟಿಯೊಳಗೆ ಅರಚುವ ಬೆಕ್ಕನ್ನಿಟ್ಟುಕೊಂಡು ಊರನ್ನು ದಾಟುವುದೆಂದರೆ ಏನೆಂಬುದು ದಾಟಿದವರಿಗೇ ಗೊತ್ತು.

ಇಷ್ಟೆಲ್ಲ ಒಬ್ಬಳೇ ಸೊಸೆಯ ತಲೆಗೆ ಬಿದ್ದರೆ ನಾಲ್ಕು ದಿನದಲ್ಲಿ ಅವಳೇ ಹಾಸಿಗೆ ಹಿಡಿದಾಳು. ಗೋಡೆಯ ಮೇಲೆ ಒಂದು ಪಟ್ಟಿ ಇರಲಿ: ಹೊತ್ತು, ಆಹಾರ, ನೀರು, ವಾಂತಿ, ತೂಕ. ಬೆಳಗಿನ ಆರು ಗಂಟೆಯದು ಗಂಡನ ಪಾಲಿಗೆ, ರಾತ್ರಿಯದು ಮಗಳ ಪಾಲಿಗೆ. ಉದಾಹರಣೆಯ ಆ ಮನೆಯಲ್ಲಿ ಹಣೆಬರಹದ ಮಾತೆತ್ತಿದ ಅಜ್ಜಿಯೇ ಎರಡನೆಯ ವಾರಕ್ಕೆ ಗಡಿಯಾರದ ಕಾವಲಿಗೆ ನಿಂತು, “ಹನ್ನೊಂದಾಯಿತಲ್ಲೇ, ಅದಕ್ಕೆ ಹಾಕಿದೆಯೇನೆ?” ಎಂದು ಕೇಳತೊಡಗಿದರೆ ಆಶ್ಚರ್ಯವಿಲ್ಲ. ಆರೈಕೆಗೆ ಕೈಹಚ್ಚಿದವರಿಗೆ ಮಮತೆ ತಾನಾಗಿ ಅಂಟಿಕೊಳ್ಳುತ್ತದೆ.

ಆದರೆ ಮಮತೆಗೂ ಒಂದು ವಿವೇಕ ಬೇಕು. ನಳಿಗೆ ಊಟ ಒಯ್ಯುತ್ತದೆಯೇ ಹೊರತು ರೋಗವನ್ನು ಒಯ್ಯುವುದಿಲ್ಲ. ಯಕೃತ್ತಿಗೆ ಕೊಬ್ಬೇರಿದ್ದರೆ, ಬಾಯಿಯ ಗಾಯ ಮಾಗಬೇಕಾಗಿದ್ದರೆ, ಅದು ಸಂಕಷ್ಟದ ಹೊಳೆಗೆ ಸೇತುವೆ. ಗುಣವಾಗದ ರೋಗ ಕೊನೆಯ ಹಂತ ಮುಟ್ಟಿದ್ದರೆ ಸೇತುವೆಗೆ ಆಚೆಯ ದಡವಿಲ್ಲ. ನಳಿಗೆ ಹಾಕಿಸುವ ಮೊದಲೇ “ಇದು ಗುಣವಾಗುವಂಥದೇ?” ಎಂದು ವೈದ್ಯರನ್ನು ನೇರವಾಗಿ ಕೇಳುವುದು, ಉತ್ತರ ಕಹಿಯಾಗಿದ್ದರೆ ಅದನ್ನು ಒಪ್ಪುವುದು, ಇವೂ ಆರೈಕೆಯ ಭಾಗಗಳೇ. ತಾವು ಅಗಲಲಾರೆವೆಂಬ ಒಂದೇ ಕಾರಣಕ್ಕೆ ಪ್ರಾಣಿಯ ನೋವನ್ನು ಲಂಬಿಸುವುದು ಪ್ರೀತಿಯೆನಿಸಲಾರದು.

ಅದೃಷ್ಟವಿದ್ದ ಮನೆಯಲ್ಲಿ ಮೂರು ವಾರಕ್ಕೋ ಆರು ವಾರಕ್ಕೋ ಒಂದು ಬೆಳಿಗ್ಗೆ ಬೆಕ್ಕು ತಟ್ಟೆಯ ಬಳಿ ಬಂದು ಎರಡು ತುತ್ತು ನೆಕ್ಕುತ್ತದೆ. ಅಂದೇ ನಳಿಗೆಯನ್ನು ತೆಗೆಸುವ ಸಂಭ್ರಮ ಬೇಡ. ನಳಿಗೆಯ ಊಟವನ್ನು ಮೆಲ್ಲಮೆಲ್ಲನೆ ತಗ್ಗಿಸಿ, ಒಂದು ವಾರದ ಮಟ್ಟಿಗಾದರೂ ಬೆಕ್ಕು ಪೂರ್ತಿಯಾಗಿ ತಾನೇ ತಿಂದು ತೂಕವನ್ನು ಉಳಿಸಿಕೊಂಡ ಮೇಲೆ ವೈದ್ಯರು ಹೊಲಿಗೆಯನ್ನು ಕತ್ತರಿಸಿ ಅದನ್ನು ಎಳೆದು ತೆಗೆಯುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಅರಿವಳಿಕೆಯೂ ಬೇಡ, ಹೊಸ ಹೊಲಿಗೆಯೂ ಬೇಡ; ರಂಧ್ರ ಒಂದೆರಡು ವಾರದಲ್ಲಿ ತಾನಾಗಿ ಮುಚ್ಚಿ, ಮೇಲೆ ರೋಮ ಬೆಳೆಯುತ್ತದೆ.

ಆಮೇಲೆ ಮನೆಯವರು ಅದರ ಕೊರಳಿಗೆ ಬೇಕಾದರೆ ಗಂಟೆಯನ್ನೇ ಕಟ್ಟಿಕೊಳ್ಳಲಿ!